ಮಣ್ಣಿನ ಅಚ್ಚು, ಮೇಣದ ಮೂರ್ತಿ: ಶಾಂಗ್ ಚೀನಾ ಮತ್ತು ಹೊಯ್ಸಳ ನಾಡಿನ ಎರಕ ವಿದ್ಯೆ

ಗಂಡಸಿ ಸೀಮೆಯಿಂದ ಹೊರಟವರಿಗೆ ಹೊಯ್ಸಳರ ಕಲ್ಲಿಗೇನೂ ಬರವಿಲ್ಲ. ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯವಿದೆ. ಹಾರನಹಳ್ಳಿ, ಜಾವಗಲ್ಲುಗಳಲ್ಲಿ ಲಕ್ಷ್ಮೀನರಸಿಂಹನ ಗುಡಿಗಳಿವೆ. ಅಲ್ಲಿಂದಾಚೆಗೆ ಹಳೇಬೀಡು, ಬೇಲೂರು. ಆದರೆ ಅದೇ ಕಾಲದ ಲೋಹದ ಕೆಲಸವನ್ನು ಹುಡುಕಹೊರಟರೆ ಪಟ್ಟಿ ತೀರ ಚಿಕ್ಕದಾಗುತ್ತದೆ. ಪ್ರಾಚೀನ ಚೀನಾದಲ್ಲಿ ಇದು ತಿರುವುಮುರುವು. ಶಾಂಗ್ ಅರಸರು ಮರ ಮತ್ತು ದಮ್ಮಸ್ಸು ಮಾಡಿದ ಮಣ್ಣಿನಿಂದ ಕಟ್ಟಿದ ಅರಮನೆಗಳು ನೆಲಸಮವಾಗಿವೆ, ಅವರ ಕಂಚು ಮಾತ್ರ ರಾಶಿ ರಾಶಿಯಾಗಿ ಉಳಿದಿದೆ.

ಈ ವ್ಯತ್ಯಾಸವನ್ನು ಕುಶಲತೆಯ ಹೆಚ್ಚುಕಡಿಮೆಯೆಂದು ಭಾವಿಸುವುದು ಸುಲಭ. ಪ್ರಸ್ತುತ ಲೇಖನದ ವಾದ ಬೇರೆ. ಲೋಹದ ವಸ್ತುವಿನ ರೂಪ ಅದನ್ನು ಎರೆದ ಅಚ್ಚಿನಿಂದ ಬರುತ್ತದೆ; ಅದರ ಉಳಿವು ಅದು ಯಾರ ಬಳಕೆಗೆ ಸಂದಿತು ಎಂಬುದರ ಮೇಲೆ ನಿಂತಿದೆ. ಇವೆರಡನ್ನೂ ಬಿಡಿಸಿ ನೋಡಿದರೆ ಹೊಯ್ಸಳ ನಾಡಿನ ಲೋಹವಿದ್ಯೆಯನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.

ಆನ್‌ಯಾಂಗಿನ ಮಣ್ಣಿನ ಅಚ್ಚು

1976ರಲ್ಲಿ ಹೆನಾನ್ ಪ್ರಾಂತ್ಯದ ಆನ್‌ಯಾಂಗಿನಲ್ಲಿ ಫೂ ಹಾವ್ ಎಂಬ ರಾಣಿಯ ಸಮಾಧಿ ಬೆಳಕಿಗೆ ಬಂತು. ಕ್ರಿ.ಪೂ. 1200ರ ಸುಮಾರಿನಲ್ಲಿದ್ದ ಈಕೆ ಅರಸ ವೂ ಡಿಂಗನ ಪತ್ನಿ. ದಂಡಯಾತ್ರೆಗಳನ್ನು ನಡೆಸಿದವಳೆಂದು ಮೂಳೆ ಶಾಸನಗಳು ಹೇಳುತ್ತವೆ. ಸಮಾಧಿಯೊಳಗೆ ಕಂಚಿನ ವಸ್ತುಗಳೇ 460ಕ್ಕೂ ಹೆಚ್ಚು. ಅವುಗಳ ಒಟ್ಟು ತೂಕ ಸುಮಾರು 1,600 ಕಿಲೊ. ಇದೇ ಆನ್‌ಯಾಂಗಿನಲ್ಲಿ 1939ರಲ್ಲಿ ಸಿಕ್ಕಿದ ನಾಲ್ಕು ಕಾಲಿನ ಹೌಮುವು ಡಿಂಗ್ ಎಂಬ ಕಡಾಯಿ ಒಂದೇ 832 ಕಿಲೊ ತೂಗುತ್ತದೆ, 133 ಸೆಂಟಿಮೀಟರ್ ಎತ್ತರವಿದೆ. ಇಷ್ಟು ಲೋಹವನ್ನು ಒಂದು ಮೂಸೆಯಲ್ಲಿ ಕರಗಿಸಲಾಗದು. ಹಲವು ಕುಲುಮೆಗಳು ಏಕಕಾಲಕ್ಕೆ ಹದಕ್ಕೆ ಬರಬೇಕು, ಎರಕ ನಡುವೆ ನಿಲ್ಲಬಾರದು.

ಇದನ್ನು ಸಾಧಿಸಿದ ವಿಧಾನ ಕುಂಬಾರಿಕೆಗೆ ಹತ್ತಿರದ್ದು. ಮೊದಲು ಜೇಡಿಮಣ್ಣಿನಲ್ಲಿ ಪಾತ್ರೆಯ ಮಾದರಿ ಮಾಡಿ ಒಣಗಿಸುತ್ತಿದ್ದರು. ಅದರ ಮೇಲೆ ಮತ್ತೆ ಹಸಿ ಮಣ್ಣನ್ನು ಒತ್ತಿ, ಹೋಳು ಹೋಳಾಗಿ ಕತ್ತರಿಸಿ ಬಿಡಿಸುತ್ತಿದ್ದರು. ಮೂಲ ಮಾದರಿಯ ಮೈಯನ್ನು ಪಾತ್ರೆಯ ದಪ್ಪದಷ್ಟು ಹೆರೆದರೆ ಅದೇ ಒಳಗರ್ಭವಾಗುತ್ತಿತ್ತು. ಹೊರಗಿನ ಹೋಳುಗಳನ್ನು ಸುಟ್ಟು, ಗರ್ಭದ ಸುತ್ತ ಮತ್ತೆ ಜೋಡಿಸಿ, ನಡುವಿನ ಸಂದಿಗೆ ಕರಗಿದ ಕಂಚನ್ನು ಹೊಯ್ಯುತ್ತಿದ್ದರು.

ಹೋಳುಗಳು ಕೂಡುವಲ್ಲಿ ಲೋಹ ಜಿನುಗಿ ಏಣು ಮೂಡುವುದು ಅನಿವಾರ್ಯ. ಶಾಂಗ್ ಎರಕದವರು ಅದನ್ನು ಉಜ್ಜಿ ಅಳಿಸುವ ಬದಲು ಎಷ್ಟೋ ಪಾತ್ರೆಗಳಲ್ಲಿ ಎದ್ದು ಕಾಣುವ ಪಟ್ಟಿಯಾಗಿ ಬೆಳೆಸಿದರು. ಡಿಂಗ್ ಪಾತ್ರೆಯ ಮೂಲೆ ಮೂಲೆಗೂ ನಿಂತಿರುವ ಹಲ್ಲುಪಟ್ಟಿ, ಅದರ ಎಡಬಲಕ್ಕೆ ಸರಿಸಮನಾಗಿ ಹರಡಿಕೊಂಡ ತಾವೊತಿಯೆ ಎಂಬ ದೊಡ್ಡ ಕಣ್ಣಿನ ಮೃಗಮುಖ, ಇವೆಲ್ಲ ಅಚ್ಚಿನ ವಿಭಜನೆಯನ್ನೇ ಅನುಸರಿಸಿವೆ. ಚೀನೀ ಕಂಚಿನ ಗಾಂಭೀರ್ಯಕ್ಕೆ ಅರ್ಧ ಕಾರಣ ಈ ಜೋಡಣೆ.

ಸೋಮೇಶ್ವರನ ಮೇಣ

ಕನ್ನಡ ನಾಡಿನ ದಾರಿ ಬೇರೆ. ಅದರ ಅತ್ಯುತ್ತಮ ಸಾಕ್ಷಿ ಒಂದು ಗ್ರಂಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳ ನಡುವೆ ಲೋಹದ ವಿಗ್ರಹ ಎರೆಯುವ ವಿವರಣೆ ಬರುತ್ತದೆ. ಕಾಲವನ್ನು ಗಮನಿಸಬೇಕು: ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಗೊಂಡಿದ್ದ, ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ 1121ರ ಹೊತ್ತಿಗೆ ಶುರುವಾಗಿತ್ತು. ಹೆಸರಿಗೆ ಚಾಲುಕ್ಯರ ಅಧೀನನಾಗಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನ ರೂವಾರಿಗಳು ಬಳಪದ ಕಲ್ಲನ್ನು ಕೊರೆಯುತ್ತಿದ್ದ ದಶಕಗಳಲ್ಲೇ ಈ ಬರಹವೂ ಮೂಡಿದೆ.

ಸೋಮೇಶ್ವರ ಹೇಳುವ ಕ್ರಮದಲ್ಲಿ ಮೂರ್ತಿ ಮೊದಲು ಮೇಣದಲ್ಲಿ ಸಿದ್ಧವಾಗುತ್ತದೆ. ಬೆನ್ನು, ಹೆಗಲು, ಇಲ್ಲವೇ ಕಿರೀಟದ ಕಡೆ ದತ್ತೂರಿ ಹೂವಿನಂತೆ ಬಾಯಿ ಅಗಲವಾದ ಕೊಳವೆಗಳನ್ನು ಕೂರಿಸಬೇಕು. ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಬೆರೆಸಿ ಕಲ್ಲಿನ ಮೇಲೆ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು; ಮೊದಲ ಲೇಪ ತೀರ ತೆಳ್ಳಗಿದ್ದು ನೆರಳಲ್ಲೇ ಒಣಗಬೇಕು, ಕೊನೆಯದು ದಪ್ಪ. ಬಿಸಿಗೆ ಮೇಣ ಕರಗಿ ಹರಿದುಹೋದ ಟೊಳ್ಳಿಗೆ ಲೋಹ ಇಳಿಯುತ್ತದೆ. ಲೋಹ ಕರಗಿಸುವ ಮೂಸೆ ತೆಂಗಿನಕಾಯಿಯ ಆಕಾರದ್ದು. ಅರಸೀಕೆರೆಯ ಸುತ್ತಿನ ತೆಂಗು ಬೆಳೆಗಾರರಿಗೆ ಆ ವಿವರಣೆಗೆ ಚಿತ್ರ ಬೇಕಿಲ್ಲ. ಮೂಸೆಗೆ ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಇಕ್ಕಳದಲ್ಲಿ ಹಿಡಿದು, ಧಾರೆ ಕಡಿಯದಂತೆ ಕೊಳವೆಗೆ ಬಿಡಬೇಕು; ಕೊಳವೆಯ ಬಾಯಿವರೆಗೆ ಬಂದಾಗ ನಿಲ್ಲಿಸಬೇಕು.

ಇಲ್ಲಿ ಹೋಳುಗಳಿಲ್ಲ, ಆದ್ದರಿಂದ ಏಣೂ ಇಲ್ಲ. ಬಾಗಿದ ಸೊಂಟ, ಮೈಯಿಂದ ದೂರ ಚಾಚಿದ ಕೈ, ಬೆರಳ ಸಂದಿ ಎಲ್ಲವೂ ಒಂದೇ ಎರಕದಲ್ಲಿ ಬರುತ್ತವೆ. ಪಲ್ಲಕ್ಕಿ, ತೇರುಗಳಲ್ಲಿ ಎಲ್ಲ ಬದಿಯಿಂದಲೂ ಕಾಣಬೇಕಾದ ಉತ್ಸವಮೂರ್ತಿಗೆ ಇದೇ ತಕ್ಕ ವಿಧಾನ. ಆದರೆ ಮಣ್ಣನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕು, ಹಾಗಾಗಿ ಒಂದು ಮೇಣಕ್ಕೆ ಒಂದೇ ವಿಗ್ರಹ. ಮಂಡ್ಯ ಜಿಲ್ಲೆಯ ನಾಗಮಂಗಲದ ವಿಗ್ರಹ ಕೆಲಸದಲ್ಲಿ ಇದೇ ಮೇಣದ ಪರಂಪರೆ ಮುಂದುವರಿದಿದೆ.

ಚೀನೀಯರಿಗೆ ಮೇಣದ ವಿಧಾನ ತಿಳಿಯದೇ ಇರಲಿಲ್ಲ. ಹುಬೆಯ ಪ್ರಾಂತ್ಯದಲ್ಲಿ 1978ರಲ್ಲಿ ಅಗೆದ ಝೆಂಗ್ ದೊರೆ ಯಿಯ ಸಮಾಧಿಯಲ್ಲಿ, ಪ್ರಸಿದ್ಧವಾದ 65 ಗಂಟೆಗಳ ಜತೆಗೆ, ಹೆಣೆದ ಬಳ್ಳಿಯಂಥ ಅಂಚಿನ ಮದ್ಯಪಾತ್ರೆಯೊಂದು ದೊರೆತಿದೆ. ಆ ಅಂಚು ಮೇಣದ ಎರಕವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ತೂಕದ ಲೆಕ್ಕ

ಎರಡೂ ನಾಡುಗಳಲ್ಲಿ ಈ ವಿದ್ಯೆ ಅಂಕಿಗಳಲ್ಲಿ ದಾಖಲಾಗಿದೆ. 'ಝೌ ಲಿ' ಗ್ರಂಥದ ಭಾಗವಾಗಿ ಉಳಿದಿರುವ 'ಕಾವೊ ಗಾಂಗ್ ಜಿ' ಆರು ಬಗೆಯ ಮಿಶ್ರಣಗಳನ್ನು ಕೊಡುತ್ತದೆ: ಗಂಟೆ, ಡಿಂಗ್‌ಗಳಿಗೆ ಲೋಹದ ಆರು ಪಾಲಿನಲ್ಲಿ ಒಂದು ತವರ; ಕೊಡಲಿಗೆ ಐದರಲ್ಲೊಂದು; ಕನ್ನಡಿಗೆ ಅರ್ಧಕ್ಕರ್ಧ. ಕೊನೆಯ ಅನುಪಾತದ ಅರ್ಥದ ಬಗ್ಗೆ ವಾದವಿದೆ, ಏಕೆಂದರೆ ಅಷ್ಟು ತವರವಿದ್ದ ಕಂಚು ಗಾಜಿನಂತೆ ಪುಡಿಯಾಗುತ್ತದೆ.

ಸೋಮೇಶ್ವರನ ಲೆಕ್ಕ ಮಿಶ್ರಣದ್ದಲ್ಲ, ಪ್ರಮಾಣದ್ದು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ತಾಮ್ರ, ಹಿತ್ತಾಳೆಯಾದರೆ ಅದರ ಎಂಟರಷ್ಟು, ಬೆಳ್ಳಿಯಾದರೆ ಹನ್ನೆರಡರಷ್ಟು, ಚಿನ್ನವಾದರೆ ಹದಿನಾರರಷ್ಟು ತೆಗೆದುಕೊಳ್ಳಬೇಕು. ಇಂದಿನ ಸಾಂದ್ರತೆಯ ಲೆಕ್ಕದಲ್ಲಿ ಹಿತ್ತಾಳೆ ಮೇಣದ ಸುಮಾರು 9 ಪಟ್ಟು, ಬೆಳ್ಳಿ 11, ಅಪ್ಪಟ ಚಿನ್ನ 20 ಪಟ್ಟು ತೂಗುತ್ತದೆ. ಚಿನ್ನದ ಅಂಕಿ ಕಡಿಮೆಯಾದಂತೆ ಕಂಡರೂ 18 ಕ್ಯಾರಟ್‌ನ ಬೆರಕೆ ಚಿನ್ನಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಅಕ್ಕಸಾಲಿಯ ತಕ್ಕಡಿಯನ್ನು ಕಂಡು ಬರೆದಂಥ ಮಾತು ಇದು.

ಕನ್ನಡಿ ಮತ್ತು ನಾಣ್ಯ

ಫೂ ಹಾವ್ ಸಮಾಧಿಯಲ್ಲಿ ನಾಲ್ಕು ಕಂಚಿನ ಕನ್ನಡಿಗಳಿದ್ದವು. ಬೇಲೂರಿನ 42 ಮದನಿಕೆಯರಲ್ಲಿ ಎಲ್ಲರಿಗೂ ಪರಿಚಿತಳಾದ ದರ್ಪಣಸುಂದರಿಯ ಕೈಯಲ್ಲೂ ಕನ್ನಡಿಯಿದೆ. 12ನೇ ಶತಮಾನದಲ್ಲಿ ಕನ್ನಡಿಯೆಂದರೆ ಉಜ್ಜಿ ಹೊಳಪಿಸಿದ ಲೋಹ. ಅಲ್ಲಿ ರಾಣಿಯ ಜತೆ ವಸ್ತುವೇ ಮಣ್ಣಿಗಿಳಿಯಿತು. ಇಲ್ಲಿ ವಸ್ತುವಿನ ಕಲ್ಲಿನ ಪ್ರತಿರೂಪ ನಮಗೆ ದಕ್ಕಿತು. ಹೊಯ್ಸಳ ಶಿಲ್ಪಗಳ ಹಾರ, ಕಡಗ, ಗೆಜ್ಜೆ, ಗಂಟೆ, ಆಯುಧಗಳೆಲ್ಲ ಇದೇ ಬಗೆಯ ದಾಖಲೆಗಳು.

ನಾಣ್ಯಗಳಲ್ಲೂ ಭೇದ ಸ್ಪಷ್ಟ. ಚೀನೀಯರು ನಡುವೆ ಚೌಕ ತೂತಿನ ನಾಣ್ಯಗಳನ್ನು ಅಚ್ಚಿನಲ್ಲಿ ಎರೆಯುತ್ತಿದ್ದರು. ವಿಷ್ಣುವರ್ಧನನ ಚಿನ್ನದ ಗದ್ಯಾಣಗಳನ್ನು ಬಡಿದು ಟಂಕಿಸಿದ್ದಾರೆ. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ತಲಕಾಡು ಗೆದ್ದ ಬಿರುದು ಕನ್ನಡದಲ್ಲಿ.

ಉಳಿದದ್ದು, ಕರಗಿದ್ದು

ಶಾಂಗ್ ಕಂಚು ಪಿತೃಗಳಿಗೆ ಅನ್ನ, ಮದ್ಯ ನೀಡುವ ಪಾತ್ರೆ. ಸತ್ತವರ ಜತೆ ಹೂತದ್ದರಿಂದ ಅದರಲ್ಲಿ ಎಷ್ಟೋ ಭಾಗ ಮೂರು ಸಾವಿರ ವರ್ಷ ಯಾರ ಕೈಗೂ ಸಿಗಲಿಲ್ಲ. ಕನ್ನಡ ನಾಡಿನ ಲೋಹ ಬದುಕಿದವರ ನಡುವೆಯೇ ಇತ್ತು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಸವೆದ ಬಿಂದಿಗೆ ಪಾತ್ರೆ ಅಂಗಡಿಗೆ ಹೋಗಿ ಹೊಸದಕ್ಕೆ ಬದಲಾಗುತ್ತದೆ. ಇದರ ಮೇಲೆ 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫೂರನ ದಂಡು ಹೊಯ್ಸಳ ರಾಜಧಾನಿ ದೋರಸಮುದ್ರಕ್ಕೆ ನುಗ್ಗಿ, ಮೂರನೆಯ ಬಲ್ಲಾಳನಿಂದ ಭಂಡಾರದ ಸಂಪತ್ತನ್ನು ಕೊಂಡೊಯ್ಯಿತು.

ಆದ್ದರಿಂದ ಹೊಯ್ಸಳ ಲೋಹವಿದ್ಯೆಯ ಅಧ್ಯಯನ ವಸ್ತುಸಂಗ್ರಹಾಲಯದ ಕಪಾಟಿಗೆ ಸೀಮಿತವಾದರೆ ಸಾಲದು. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟದ ದಾನಶಾಸನಗಳಲ್ಲಿ ದೀಪ, ಗಂಟೆ, ಆಭರಣಗಳ ಉಲ್ಲೇಖಗಳನ್ನು ಗ್ರಾಮವಾರು ಗುರುತಿಸಬೇಕು. ಅವನ್ನು ಅದೇ ಗುಡಿಯ ಶಿಲ್ಪಗಳಲ್ಲಿ ಕೊರೆದ ಲೋಹವಸ್ತುಗಳ ಆಕಾರದೊಂದಿಗೆ ಹೋಲಿಸಬೇಕು. ಪೂಜೆಯಲ್ಲಿರುವ ಹಳೆಯ ಉತ್ಸವಮೂರ್ತಿಗಳ ಲೋಹದ ಪಾಲನ್ನು ಕೆರೆಯದೆ, ಕೊರೆಯದೆ ಎಕ್ಸ್-ರೇ ಉಪಕರಣದಿಂದ ಅಳೆಯಬಹುದು. ಅರ್ಚಕರ ಒಪ್ಪಿಗೆಯಿದ್ದರೆ ಅರಸೀಕೆರೆ, ಬೇಲೂರು ತಾಲ್ಲೂಕುಗಳಿಂದಲೇ ಈ ಕೆಲಸ ಆರಂಭಿಸಲು ಅಡ್ಡಿಯಿಲ್ಲ.