ವಿಷವೋ, ವೇಷವೋ?

ಪದಗಳಿಗೂ ಪ್ರವಾಸಯೋಗವುಂಟು. ಸಂಸ್ಕೃತದ ‘ಶರ್ಕರಾ’ ಎಂಬ ಮಾತು ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ‘ಸಕ್ಕರೆ’ಯೆಂದು ನಮ್ಮ ಕನ್ನಡಕ್ಕೆ ಬಂದು ನೆಲಸಿತು. ಅದರದೇ ಇನ್ನೊಂದು ಕವಲು ಪಡುವಣ ದಿಕ್ಕಿಗೆ ಹೊರಟು ಗ್ರೀಕ್ ಭಾಷೆಯನ್ನೂ ಲ್ಯಾಟಿನ್ ಭಾಷೆಯನ್ನೂ ಹಾದು, ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಒಬ್ಬ ರಸಾಯನಶಾಸ್ತ್ರಜ್ಞನ ಕೈಗೆ ಸಿಕ್ಕಿ ‘ಸ್ಯಾಕರೀನ್’ ಎಂಬ ಅವತಾರವನ್ನೆತ್ತಿತು. ಸ್ಯಾಕರೀನಿನಲ್ಲಿ ಕಬ್ಬಿನ ರಸದ ಒಂದು ತೊಟ್ಟೂ ಇಲ್ಲ; ಅದು ಕಲ್ಲಿದ್ದಲಿನ ಡಾಮರಿನಿಂದ ಹುಟ್ಟಿದ್ದು. ಹೆಸರು ಮಾತ್ರ ಸಕ್ಕರೆಯದು. ಹೆಸರಿನಲ್ಲಿಯೇ ಅಡಗಿರುವ ಈ ವೇಷದ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಈ ಪುಡಿ ವಿಷವೇ ಅಲ್ಲವೇ ಎಂದು ಪಂಡಿತರೂ ವ್ಯಾಪಾರಿಗಳೂ ರಾಜಕಾರಣಿಗಳೂ ನೂರು ವರ್ಷಕ್ಕೂ ಮಿಕ್ಕಿ ಜಗಳವಾಡಿದರು; ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸದೆ ಹೋದದ್ದು ವೇಷದ ಪ್ರಶ್ನೆ.

1879ನೆಯ ಇಸವಿಯ ಮಾತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಆಗ ಮೂರು ವರ್ಷದ ಕೂಸು. ಅಲ್ಲಿ ಪ್ರೊಫೆಸರ್ ಇರಾ ರೆಮ್ಸನ್ನನ ಪ್ರಯೋಗಶಾಲೆಯಲ್ಲಿ ಕಾನ್‌ಸ್ಟಾಂಟಿನ್ ಫಾಲ್ಬರ್ಗ್ ಎಂಬಾತ ಡಾಮರಿನ ಸಂಯುಕ್ತಗಳನ್ನು ಕುರಿತು ಶೋಧನೆ ನಡೆಸುತ್ತಿದ್ದ. ಒಂದು ಸಂಜೆ ಕೈ ತೊಳೆಯದೆ ಊಟಕ್ಕೆ ಕುಳಿತ. ರೊಟ್ಟಿ ಸಿಹಿ, ಬಾಯೊರಸಿಕೊಂಡ ವಸ್ತ್ರ ಸಿಹಿ, ಹೆಬ್ಬೆರಳು ಇನ್ನೂ ಸಿಹಿ. ಊಟವನ್ನು ಅಷ್ಟಕ್ಕೇ ಬಿಟ್ಟು ಪ್ರಯೋಗಶಾಲೆಗೆ ಓಡಿ, ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ರುಚಿ ನೋಡಿದನಂತೆ. ಅವುಗಳಲ್ಲಿ ಯಾವುದರಲ್ಲಿಯೂ ನಿಜವಾದ ವಿಷವಿರಲಿಲ್ಲವೆಂಬುದು ಅವನ ಪುಣ್ಯ. ಕೈಕಾಲು ತೊಳೆಯದೆ ಎಲೆಯ ಮುಂದೆ ಕೂತರೆ ಗದರುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಕಥೆ ಖಂಡಿತ ಒಪ್ಪಿಗೆಯಾಗುತ್ತಿರಲಿಲ್ಲ.

ಸಕ್ಕರೆಗಿಂತ ಸುಮಾರು ಮುನ್ನೂರು ಪಾಲು ಸಿಹಿಯಾದ ಈ ವಸ್ತುವನ್ನು ಕುರಿತ ಲೇಖನವನ್ನು ಗುರುಶಿಷ್ಯರಿಬ್ಬರೂ ಕೂಡಿ ಪ್ರಕಟಿಸಿದರು. ಆದರೆ ಕೆಲವು ವರ್ಷಗಳ ಮೇಲೆ ಪೇಟೆಂಟ್ ಮಾಡಿಸಿಕೊಂಡು ಜರ್ಮನಿಯಲ್ಲಿ ಕಾರ್ಖಾನೆ ತೆರೆದಾಗ ಫಾಲ್ಬರ್ಗ್ ತನ್ನ ಹೆಸರೊಂದನ್ನೇ ಇಟ್ಟುಕೊಂಡ. ರೆಮ್ಸನ್ನನಿಗೆ ಹಣದ ಆಸೆ ಇರಲಿಲ್ಲ. ಆದರೆ ತನ್ನ ಶಾಲೆಯಲ್ಲಿ ಹುಟ್ಟಿದ ಕೂಸಿಗೆ ತಾನು ಏನೂ ಅಲ್ಲವೆಂಬಂತಾದುದನ್ನು ಅವನು ಮರೆಯಲಿಲ್ಲ. ಈ ರೆಮ್ಸನ್ ಮುಂದೆ ನಮ್ಮ ಕಥೆಗೆ ಮತ್ತೆ ಬರಬೇಕಾದವನು.

ಸ್ಯಾಕರೀನಿಗೆ ಮೊದಲು ಎದುರುಬಿದ್ದವರು ವೈದ್ಯರಲ್ಲ, ಸಕ್ಕರೆ ಕಾರ್ಖಾನೆಯವರು. ಜರ್ಮನಿಯಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಉದ್ಯಮ ಬಲವಾಗಿತ್ತು. ಚಿಟಿಕೆಯಷ್ಟು ಪುಡಿ ಹಿಡಿಸಕ್ಕರೆಯ ಕೆಲಸ ಮಾಡುವುದಾದರೆ ಬೀಟ್ ಬೆಳೆಯುವವನ ಗತಿಯೇನು? 1902ರಲ್ಲಿ ಅಲ್ಲಿ ಬಂದ ಕಾನೂನು ಸ್ಯಾಕರೀನನ್ನು ಔಷಧದ ಅಂಗಡಿಯ ಕಪಾಟಿಗೆ ಅಟ್ಟಿತು. ಸಕ್ಕರೆಕಾಯಿಲೆಯವರಿಗೆ ಸಿಗಬೇಕು, ಮಿಕ್ಕವರಿಗೆ ಕೂಡದು. ಹಾಗೆಂದ ಮಾತ್ರಕ್ಕೆ ಬಡವನ ನಾಲಗೆ ಕೇಳುತ್ತದೆಯೇ? ಕಾನೂನಿನ ಕಟ್ಟಿಲ್ಲದ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಸರಕು ಗಡಿ ದಾಟಿ ಕಳ್ಳತನದಿಂದ ಜರ್ಮನಿಗೂ ಆಸ್ಟ್ರಿಯಕ್ಕೂ ಹರಿಯಿತು. ನಾವು ಚಿನ್ನದ ಕಳ್ಳಸಾಗಣೆಯನ್ನು ಕೇಳಬಲ್ಲೆವು. ಸಿಹಿಯ ಕಳ್ಳಸಾಗಣೆಯೂ ಒಂದು ಕಾಲದಲ್ಲಿ ಲಾಭದ ಕಸುಬಾಗಿತ್ತು. ಅತ್ತ ಅಮೆರಿಕದಲ್ಲಿ 1901ರಲ್ಲಿ ಜಾನ್ ಕ್ವೀನಿ ಎಂಬುವನು ಸೇಂಟ್ ಲೂಯಿಸ್ ನಗರದಲ್ಲಿ ಸ್ಯಾಕರೀನ್ ತಯಾರಿಸುವುದಕ್ಕೆಂದೇ ಒಂದು ಕಂಪನಿ ತೆರೆದು, ಅದಕ್ಕೆ ಹೆಂಡತಿಯ ತೌರುಮನೆಯ ಹೆಸರನ್ನಿಟ್ಟ. ಆ ಹೆಸರು ಮೊನ್ಸಾಂಟೊ.

ಇಷ್ಟು ಹೊತ್ತಿಗೆ ರಂಗಕ್ಕೆ ಬಂದವನು ಹಾರ್ವೆ ವೈಲಿ. ಅಮೆರಿಕದ ವ್ಯವಸಾಯ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ. ಹಟಮಾರಿ, ಮಾತುಗಾರ, ಕಲಬೆರಕೆಯ ಜನ್ಮವೈರಿ. ಆ ಕಾಲದ ಅಮೆರಿಕದ ಪೇಟೆಯಲ್ಲಿ ಹಾಲಿಗೆ ಫಾರ್ಮಾಲ್ಡಿಹೈಡ್, ಮಾಂಸಕ್ಕೆ ಬೋರಾಕ್ಸ್, ಬಟಾಣಿಯ ಹಸುರಿಗೆ ಮೈಲುತುತ್ತ ಬೆರೆಯುತ್ತಿದ್ದವು. ಇವು ದೇಹಕ್ಕೆ ಏನು ಮಾಡುತ್ತವೆ ಎಂದು ತಿಳಿಯಲು ವೈಲಿ 1902ರಲ್ಲಿ ಹನ್ನೆರಡು ಮಂದಿ ತರುಣರನ್ನು ಸೇರಿಸಿ, ವಾಷಿಂಗ್ಟನ್ನಿನ ತನ್ನ ಕಚೇರಿಯ ನೆಲಮಾಳಿಗೆಯಲ್ಲಿ ಊಟದ ಪಂಕ್ತಿ ಹಾಕಿಸಿದ. ಅಳತೆಯ ಊಟದೊಡನೆ ಅಳತೆಯ ರಾಸಾಯನಿಕವೂ ಹೊಟ್ಟೆಗೆ ಹೋಗುತ್ತಿತ್ತು. ಪತ್ರಿಕೆಯವರು ಆ ಪಂಕ್ತಿಗೆ ‘ವಿಷದ ದಳ’ವೆಂದು ಹೆಸರಿಟ್ಟರು. ಮೊದಮೊದಲು ಬೋರಾಕ್ಸನ್ನು ಬೆಣ್ಣೆಯಲ್ಲಿ ಅಡಗಿಸಿ ಬಡಿಸಿದರಂತೆ; ಊಟಕ್ಕೆ ಕುಳಿತವರಿಗೆ ಸುಳಿವು ಹತ್ತಿ, ಅವರು ಬೆಣ್ಣೆಯನ್ನು ಮುಟ್ಟುವುದನ್ನೇ ಬಿಟ್ಟರಂತೆ. ಕಡೆಗೆ ಗುಳಿಗೆಯಲ್ಲಿ ತುಂಬಿ ಬಹಿರಂಗವಾಗಿಯೇ ಕೊಡಬೇಕಾಯಿತು. ವಿಷವೆಂದು ತಿಳಿದೇ ಬಂದು ಕುಳಿತವರು ಕೂಡ ಮರೆಮಾಚಿ ಬಡಿಸಿದ್ದನ್ನು ಒಲ್ಲೆನೆಂದುದು ಗಮನಿಸತಕ್ಕ ಮಾತು.

ವೈಲಿಯ ಪಟ್ಟುಬಿಡದ ಹೋರಾಟದಿಂದಲೂ, ಮಾಂಸದ ಕಾರ್ಖಾನೆಗಳ ಹೊಲಸನ್ನು ಬಯಲಿಗೆಳೆದ ಅಪ್ಟನ್ ಸಿಂಕ್ಲೇರನ ಕಾದಂಬರಿ ಎಬ್ಬಿಸಿದ ಕೋಲಾಹಲದಿಂದಲೂ 1906ರ ಜೂನ್ 30ರಂದು ಶುದ್ಧ ಆಹಾರದ ಕಾಯಿದೆಗೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನ ಸಹಿ ಬಿತ್ತು. ಕಾಯಿದೆ ಬಂದು ಎರಡು ವರ್ಷ ತುಂಬುವ ಮೊದಲೇ ಶ್ವೇತಭವನದಲ್ಲಿ ಒಂದು ಸಭೆ ನಡೆಯಿತು. ಅದರ ವೃತ್ತಾಂತ ನಮಗೆ ಬಂದಿರುವುದು ವೈಲಿಯ ಲೇಖನಿಯಿಂದಲೇ. ಡಬ್ಬಿ ಆಹಾರದ ವ್ಯಾಪಾರಿಗಳು ಅಹವಾಲು ತಂದಿದ್ದರು. ಅವರಲ್ಲಿ ಜೇಮ್ಸ್ ಶೆರ್ಮನ್ ಎಂಬ ಶಾಸನಸಭೆಯ ಸದಸ್ಯನೂ ಇದ್ದ. ಮುಂದೆ ದೇಶದ ಉಪಾಧ್ಯಕ್ಷನಾದವನು. ಡಬ್ಬಿಯ ಜೋಳಕ್ಕೆ ಸಕ್ಕರೆಯ ಬದಲು ಸ್ಯಾಕರೀನ್ ಹಾಕಿ ತನ್ನ ಕಂಪನಿ ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಉಳಿಸಿತೆಂದು ಅವನು ಹೇಳಿಕೊಂಡ. ಅಧ್ಯಕ್ಷ ಕೇಳುವ ಮುಂಚೆಯೇ ವೈಲಿ ನಡುವೆ ಬಾಯಿ ಹಾಕಿದ. ಆ ಜೋಳವನ್ನು ತಿಂದವರೆಲ್ಲ ಮೋಸಹೋದರು, ಸಕ್ಕರೆ ತಿನ್ನುತ್ತಿದ್ದೇವೆಂದು ತಿಳಿದು ಡಾಮರಿನ ಪುಡಿಯನ್ನು ತಿಂದರು ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಅವನ ವಾದಕ್ಕೆ ಉತ್ತರವಿರಲಿಲ್ಲ. ಆದರೆ ಅದು ಆರೋಗ್ಯಕ್ಕೆ ಬಹಳ ಹಾನಿಕರವೆಂದೂ ಸೇರಿಸಿದ.

ರೂಸ್‌ವೆಲ್ಟ್ ಕೆಂಡವಾದ. ತನ್ನ ವೈದ್ಯ ಡಾಕ್ಟರ್ ರಿಕ್ಸಿ ದಿನವೂ ತನಗೆ ಸ್ಯಾಕರೀನ್ ಕೊಡುತ್ತಾನೆ, ಅದನ್ನು ಹಾನಿಕರವೆನ್ನುವವನು ಮೂರ್ಖನೇ ಸರಿ ಎಂದುಬಿಟ್ಟ. ಸಭೆ ಮುರಿಯಿತು. ವೇಷದ ಮಾತು ಸೋತು, ವಿಷದ ಮಾತು ಮಾತ್ರ ಉಳಿಯಿತು. ಅಧ್ಯಕ್ಷನು ತಿಳಿದು ತಿನ್ನುತ್ತಿದ್ದ, ಜೋಳದ ಡಬ್ಬಿ ಕೊಂಡ ಗೃಹಿಣಿ ತಿಳಿಯದೆ ತಿನ್ನುತ್ತಿದ್ದಳು; ಇವೆರಡರ ಅಂತರವನ್ನು ಆ ಕೋಣೆಯಲ್ಲಿ ಯಾರೂ ಎತ್ತಿ ಹೇಳಲಿಲ್ಲ. ವೈಲಿ ಪ್ರಾಮಾಣಿಕನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ವಿದ್ಯೆಯ ಬಹುಭಾಗ ಸಕ್ಕರೆಯ ರಸಾಯನದಲ್ಲಿಯೇ ಕಳೆದಿತ್ತು. ಸಕ್ಕರೆಯ ಮೇಲೆ ಅವನಿಗೊಂದು ಮಮತೆಯೂ ಇತ್ತೆಂದರೆ ತಪ್ಪಾಗದು. ಸ್ಯಾಕರೀನ್ ವಿಷವೆಂಬುದಕ್ಕೆ ಅವನ ಕೈಯಲ್ಲಿ ಗಟ್ಟಿಯಾದ ಸಾಕ್ಷ್ಯವಿರಲಿಲ್ಲ.

ವೈಲಿಯ ಮಾತನ್ನು ಒರೆಗೆ ಹಚ್ಚಲು 1908ರಲ್ಲಿ ವಿದ್ವಾಂಸರ ಮಂಡಳಿಯೊಂದು ಏರ್ಪಟ್ಟಿತು. ಅದರ ಅಧ್ಯಕ್ಷ ಯಾರು? ಇರಾ ರೆಮ್ಸನ್! ಯಾರ ಪ್ರಯೋಗಶಾಲೆಯಲ್ಲಿ ಸ್ಯಾಕರೀನ್ ಹುಟ್ಟಿತೋ, ಯಾರ ಹೆಸರನ್ನು ಪೇಟೆಂಟಿನಿಂದ ಬಿಟ್ಟರೋ, ಅವನೇ ಈಗ ನ್ಯಾಯಾಧಿಪತಿ. ಇಂಥ ಸಂದರ್ಭವನ್ನು ನಾಟಕಕಾರ ಬರೆದಿದ್ದರೆ ಅಸಂಭಾವ್ಯವೆಂದು ವಿಮರ್ಶಕರು ತಳ್ಳಿಹಾಕುತ್ತಿದ್ದರು. ಮಂಡಳಿಯ ತೀರ್ಮಾನ ಮಾತ್ರ ತೂಕದ್ದಾಗಿತ್ತು. ದಿನಕ್ಕೆ 0.3 ಗ್ರಾಂ ಒಳಗೆ ತಿಂದರೆ ಕೇಡಿಲ್ಲ. ಒಂದು ಗ್ರಾಂ ಮೀರಿ ಬಹುಕಾಲ ತಿಂದರೆ ಜೀರ್ಣಶಕ್ತಿ ಕೆಡಬಹುದು. ಆದರೆ ಸಕ್ಕರೆಯ ಬದಲಿಗೆ ಇದನ್ನು ಹಾಕಿದರೆ ಆಹಾರದ ಸತ್ವ ಕುಗ್ಗುತ್ತದೆ. ಈ ಕಡೆಯ ಮಾತನ್ನೇ ಹಿಡಿದು ಸರ್ಕಾರ 1912ರಲ್ಲಿ ಸಾಮಾನ್ಯ ಆಹಾರದಲ್ಲಿ ಸ್ಯಾಕರೀನ್ ಕೂಡದೆಂದು, ರೋಗಿಗಳಿಗೆಂದು ತಯಾರಿಸಿದ ಪದಾರ್ಥಗಳಲ್ಲಿ ಆಗಬಹುದೆಂದು ವಿಧಿಸಿತು. ಅಂದರೆ ನಿಷೇಧಕ್ಕೆ ಆಧಾರವಾದದ್ದು ವಿಷವಲ್ಲ, ವೇಷ! ವೈಲಿ ಸೋತ ವಾದದಲ್ಲಿ ಗೆದ್ದ ಭಾಗ ಅದು. ಆದರೆ ಆ ವರ್ಷದ ಮಾರ್ಚಿಯಲ್ಲಿಯೇ ಅವನು ಇಲಾಖೆಯ ಒಳಜಗಳಗಳಿಂದ ಬೇಸತ್ತು ರಾಜೀನಾಮೆ ಕೊಟ್ಟು, ಗೃಹಿಣಿಯರ ಮಾಸಪತ್ರಿಕೆಯೊಂದನ್ನು ಸೇರಿದ್ದ.

ಮುಂದಿನ ಐವತ್ತು ವರ್ಷಗಳನ್ನು ಬೇಗನೆ ದಾಟಬಹುದು. ಎರಡು ಮಹಾಯುದ್ಧಗಳಲ್ಲಿಯೂ ಸಕ್ಕರೆಗೆ ಬರ ಬಂತು. ಕಟ್ಟುಪಾಡು ತಾನಾಗಿ ಸಡಿಲಾಯಿತು. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಮೈಕೇಲ್ ಸ್ವೇಡಾ ಎಂಬ ವಿದ್ಯಾರ್ಥಿ, ಸೇದುತ್ತಿದ್ದ ಸಿಗರೇಟು ಸಿಹಿಯಾದದ್ದರಿಂದ ಸೈಕ್ಲಮೇಟ್ ಎಂಬ ಇನ್ನೊಂದು ಹುಸಿಸಕ್ಕರೆಯನ್ನು ಕಂಡುಹಿಡಿದ. (ಈ ರಸಾಯನದವರು ಕೈ ತೊಳೆಯುವುದನ್ನು ಕಲಿಯಲೇ ಇಲ್ಲ.) ಸ್ಯಾಕರೀನಿನ ಕಹಿಯನ್ನು ಸೈಕ್ಲಮೇಟ್ ಮುಚ್ಚುತ್ತಿತ್ತು, ಎರಡನ್ನೂ ಬೆರೆಸಿದ ಪಾನೀಯಗಳು ಯುದ್ಧಾನಂತರದ ಅಮೆರಿಕದಲ್ಲಿ ಹೊಳೆಯಾಗಿ ಹರಿದವು. ಮೊದಲು ಬಡವರ ಸಕ್ಕರೆ, ಆಮೇಲೆ ರೋಗಿಯ ಸಕ್ಕರೆಯಾಗಿದ್ದದ್ದು ಈಗ ಮೈ ಬೆಳೆದ ಶ್ರೀಮಂತರ ಸಕ್ಕರೆಯಾಯಿತು.

1958ರಲ್ಲಿ ಅಮೆರಿಕದ ಆಹಾರ ಕಾಯಿದೆಗೆ ಡಿಲೇನಿ ಎಂಬ ಸದಸ್ಯನ ಹೆಸರಿನಿಂದ ಪ್ರಸಿದ್ಧವಾದ ಒಂದು ವಿಧಿ ಸೇರಿತು. ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಕ್ಯಾನ್ಸರ್ ತರುವುದೆಂದು ಕಂಡುಬಂದ ಯಾವ ವಸ್ತುವನ್ನೂ, ಎಷ್ಟು ಅಲ್ಪವಾದರೂ, ಆಹಾರಕ್ಕೆ ಸೇರಿಸಕೂಡದು ಎಂಬುದು ಅದರ ತಾತ್ಪರ್ಯ. ರೆಮ್ಸನ್ನನ ಮಂಡಳಿ ‘ಎಷ್ಟು?’ ಎಂದು ಕೇಳಿತ್ತು. ಈ ವಿಧಿ ಆ ಪ್ರಶ್ನೆಯನ್ನೇ ಅಳಿಸಿತು. 1969ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆಗಳು ಕಂಡವೆಂದು ಸೈಕ್ಲಮೇಟಿಗೆ ಬಹಿಷ್ಕಾರ ಬಿತ್ತು. 1977ರಲ್ಲಿ ಕೆನಡಾದಿಂದ ಬಂದ ವರದಿ ಸ್ಯಾಕರೀನಿನ ಮೇಲೂ ಅದೇ ಆಪಾದನೆ ಹೊರಿಸಿತು. ಆಹಾರದ ತೂಕದಲ್ಲಿ ನೂರಕ್ಕೆ ಐದರಷ್ಟು ಸ್ಯಾಕರೀನ್ ತಿಂದ ಗಂಡಿಲಿಗಳಲ್ಲಿ ಗೆಡ್ಡೆ ಬೆಳೆದಿತ್ತು. ಮಾರ್ಚಿಯಲ್ಲಿ ಸರ್ಕಾರ ನಿಷೇಧದ ಸೂಚನೆ ಹೊರಡಿಸಿತು.

ದೇಶವೇ ಎದ್ದು ನಿಂತಿತು. ಆಗ ಅಲ್ಲಿ ಉಳಿದಿದ್ದ ಹುಸಿಸಕ್ಕರೆ ಅದೊಂದೇ. ಸಕ್ಕರೆಕಾಯಿಲೆಯವರು, ತೂಕ ಇಳಿಸುವವರು, ತಾಯಂದಿರು ಶಾಸನಸಭೆಗೆ ಕಾಗದಗಳ ಮಳೆಗರೆದರು. ಇಲಿ ತಿಂದಷ್ಟು ತಿನ್ನಬೇಕಾದರೆ ಮನುಷ್ಯ ದಿನಕ್ಕೆ ಎಂಟುನೂರು ಡಬ್ಬಿ ಪಾನೀಯ ಕುಡಿಯಬೇಕು ಎಂಬ ಲೆಕ್ಕ ಮನೆಮನೆಯ ನಗೆಮಾತಾಯಿತು. ನಗೆ ಚೆನ್ನಾಗಿದೆ; ವಾದವಾಗಿ ಅಷ್ಟು ಗಟ್ಟಿಯಲ್ಲ. ಕೋಟ್ಯಂತರ ಜನರಲ್ಲಿ ಕೆಲವರಿಗೆ ಮಾತ್ರ ಆಗಬಹುದಾದ ಕೇಡು ನೂರು ಇಲಿಗಳಲ್ಲಿ ಕಾಣಿಸಬೇಕಾದರೆ ಪ್ರಮಾಣವನ್ನು ಏರಿಸದೆ ಬೇರೆ ದಾರಿಯಿಲ್ಲ, ಪರೀಕ್ಷಕರೇನೂ ಬುದ್ಧಿಹೀನರಲ್ಲ. ಆದರೂ ಆ ವರ್ಷದ ನವೆಂಬರಿನಲ್ಲಿ ಶಾಸನಸಭೆ ನಿಷೇಧವನ್ನು ಹದಿನೆಂಟು ತಿಂಗಳು ತಡೆಹಿಡಿಯಿತು. ಆ ತಡೆ ಮತ್ತೆ ಮತ್ತೆ ಮುಂದುವರಿಯಿತು. ಬದಲಾಗಿ ಪೊಟ್ಟಣದ ಮೇಲೆ ಒಂದು ಎಚ್ಚರಿಕೆ ಅಚ್ಚಾಯಿತು. ತಿನ್ನುವವನಿಗೆ ತಿಳಿಸಿ, ತೀರ್ಮಾನವನ್ನು ಅವನಿಗೇ ಬಿಟ್ಟದ್ದು.

ಕಡೆಗೆ ಗಂಟು ಬಿಚ್ಚಿದ್ದು ಇಲಿಯ ಮೂತ್ರದಲ್ಲಿ. ಗಂಡಿಲಿಯ ಮೂತ್ರದಲ್ಲಿ ಪ್ರೋಟೀನು ಹೆಚ್ಚು, ಕ್ಯಾಲ್ಸಿಯಂ ಫಾಸ್ಫೇಟು ಹೆಚ್ಚು. ಅತಿಯಾದ ಸ್ಯಾಕರೀನಿನೊಡನೆ ಅವು ಕೂಡಿ ಸಣ್ಣ ಹರಳುಗಳಾಗಿ ಮೂತ್ರಕೋಶದ ಒಳಪದರವನ್ನು ಗೀರುತ್ತವೆ. ಗಾಯ ಮಾಗಿ ಮಾಗಿ ಗೆಡ್ಡೆಯಾಗುತ್ತದೆ. ಮನುಷ್ಯನಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಸಂಸ್ಕೃತದಲ್ಲಿ ಶರ್ಕರಾ ಎಂದರೆ ಸಣ್ಣ ಕಲ್ಲು, ಹರಳು ಎಂಬ ಅರ್ಥವೂ ಉಂಟು, ನಮ್ಮ ವೈದ್ಯಗ್ರಂಥಗಳಲ್ಲಿ ಮೂತ್ರದ ಹರಳಿಗೂ ಅದೇ ಹೆಸರು ಎಂಬುದನ್ನು ನೆನೆದರೆ ಭಾಷೆಯ ವಿನೋದಕ್ಕೆ ತಲೆದೂಗಬೇಕಾಗುತ್ತದೆ. 2000ದಲ್ಲಿ ಅಮೆರಿಕದ ಸರ್ಕಾರ ಸ್ಯಾಕರೀನನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆಯಿತು. ಆ ವರ್ಷದ ಕೊನೆಗೆ ಎಚ್ಚರಿಕೆಯ ಚೀಟಿಯೂ ಹೋಯಿತು. 2024ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ತಿನ್ನಬಹುದಾದ ಮಿತಿಯನ್ನು ದೇಹದ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಮಿನಿಂದ 9ಕ್ಕೆ ಏರಿಸಿತು.

ಈ ನಡುವೆ ಕೆನಡಾ ಮತ್ತು ಅಮೆರಿಕದ ಗಡಿಯಲ್ಲಿ ನಡೆದದ್ದು ಇಡೀ ಜಗಳದ ಸಾರದಂತಿದೆ. ಅಮೆರಿಕದಲ್ಲಿ ಸೈಕ್ಲಮೇಟ್ ನಿಷಿದ್ಧ, ಸ್ಯಾಕರೀನ್ ಸಮ್ಮತ. ಕೆನಡಾದಲ್ಲಿ 1977ರಿಂದ ಆಹಾರಕ್ಕೆ ಸ್ಯಾಕರೀನ್ ಸೇರಿಸುವುದು ನಿಷಿದ್ಧ, ಕಾಫಿಗೆ ಬೆರೆಸಿಕೊಳ್ಳಲು ಸೈಕ್ಲಮೇಟ್ ಸಮ್ಮತ. ಎರಡು ದೇಶಗಳ ಪಂಡಿತರ ಮುಂದಿದ್ದದ್ದು ಒಂದೇ ಬಗೆಯ ಇಲಿಗಳು. ಒಂದು ಸೇತುವೆ ದಾಟಿದರೆ ಅಮೃತ ವಿಷವಾಗುತ್ತಿತ್ತು, ವಿಷ ಅಮೃತವಾಗುತ್ತಿತ್ತು! ಕೆನಡಾ 2014ರಲ್ಲಿ ಸ್ಯಾಕರೀನನ್ನು ಮತ್ತೆ ಒಳಕ್ಕೆ ಬಿಟ್ಟುಕೊಂಡಿತು. ಅಮೆರಿಕದಲ್ಲಿ ಸೈಕ್ಲಮೇಟಿನ ಮೇಲಿನ ಬಹಿಷ್ಕಾರ ಎದ್ದಿಲ್ಲ.

ಈಗ ಕಟಕಟೆಯಲ್ಲಿ ನಿಂತಿರುವುದು 1965ರಲ್ಲಿ ಹುಟ್ಟಿದ ಆಸ್ಪರ್ಟೇಮ್. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ ವರ್ಗಕ್ಕೆ ಸೇರಿಸಿದ ದಿನವೇ, ಆಹಾರದ ಬೆರಕೆಗಳನ್ನು ಪರಿಶೀಲಿಸುವ ಇನ್ನೊಂದು ಸಮಿತಿ ಪ್ರತಿ ಕಿಲೋ ತೂಕಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿ ಹಾಗೆಯೇ ಇರಲಿ ಎಂದಿತು. ಮೊದಲನೆಯದು ‘ಆಗಬಹುದೇ?’ ಎಂದು ಕೇಳಿತು, ಎರಡನೆಯದು ‘ಎಷ್ಟಕ್ಕೆ?’ ಎಂದು ಕೇಳಿತು. ಪತ್ರಿಕೆಯ ತಲೆಬರಹಗಳಿಗೆ ಮೊದಲನೆಯದೇ ಸಿಕ್ಕಿತು.

ಹುಸಿಸಕ್ಕರೆ ಬೆರೆಸಿದ ಪೊಟ್ಟಣದ ಮೇಲೆ ಆ ಸಂಗತಿಯನ್ನು ಅಚ್ಚುಮಾಡಬೇಕೆಂಬ ನಿಯಮ ನಮ್ಮ ದೇಶದಲ್ಲಿಯೂ ಇದೆ. ಆ ಅಕ್ಷರಗಳನ್ನು ಓದುವುದಕ್ಕೆ ನನ್ನಂಥ ನಲವತ್ತು ದಾಟಿದವನಿಗೆ ಕನ್ನಡಕ ಬೇಕು. ಬಿಸಿಲಿನಲ್ಲಿ ಗಾಡಿಯ ಮುಂದೆ ನಿಂತು ಕುಡಿಯುವ ಶರಬತ್ತಿನ ಲೋಟದ ಮೇಲಂತೂ ಅಕ್ಷರಗಳೇ ಇರುವುದಿಲ್ಲ.