ಹಲಗೆ, ಕಡತ, ಗಣಕಯಂತ್ರ: ಬಾಲಬೋಧೆಯ ಉಪಕರಣಗಳ ಒಂದು ವಿಚಾರ

ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಒಂದೇ ವೇಗದಿಂದ ಓದು ಕಲಿಯಲಾರರೆಂಬುದು ಪಾಠ ಹೇಳಿದವರೆಲ್ಲರ ಅನುಭವ. ಒಬ್ಬನಿಗೆ ತಿಂಗಳೊಂದರಲ್ಲಿ ಹತ್ತುವ ಕಾಗುಣಿತಕ್ಕೆ ಮತ್ತೊಬ್ಬನಿಗೆ ಆರು ತಿಂಗಳು ಬೇಕಾದೀತು. ಆಯಾ ಮಗುವಿನ ಶಕ್ತಿಗೆ ತಕ್ಕಂತೆ ಪಾಠವನ್ನು ನಡೆಸುವುದು ಯಂತ್ರಯುಗದ ಹೊಸ ಯೋಚನೆಯೆಂದು ಭಾವಿಸುವವರುಂಟು. ಬಳ್ಳಾರಿ ಸೀಮೆಯ ಹಳೆಯ ಮಠಗಳ ವೃತ್ತಾಂತವನ್ನು ನೋಡಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ಸಾಹೇಬರು ೧೮೨೨ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ತರಿಸಿದರು. ತೆಲುಗು ವ್ಯಾಕರಣಕಾರರೂ ಆಗಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರು ೧೮೨೩ನೆಯ ಆಗಸ್ಟ್ ೧೭ರಂದು ಉತ್ತರವನ್ನು ಬರೆದರು. ಅದರಂತೆ ಆ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ವಿದ್ಯಾರ್ಥಿಗಳು ೬,೬೪೧ ಮಂದಿ.

ಅಲ್ಲಿನ ಉಪಕರಣಗಳು ಅತ್ಯಂತ ಸರಳವಾದವು. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿತ್ತು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ ದೊರೆಯುತ್ತಿತ್ತು. ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದ ಮರದ ಫಲಕವೇ ಹಲಗೆ. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟದ್ದು ಕಡತ. ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿ ಎಷ್ಟು ಸಲವಾದರೂ ಮತ್ತೆ ಬರೆಯಬಹುದಾಗಿತ್ತು. ತಪ್ಪಿಗೆ ಖರ್ಚು ತಗಲುತ್ತಿರಲಿಲ್ಲ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಮೇಲಿನ ತರಗತಿಗೆ ಏರುವುದು ವರ್ಷ ಕಳೆದುದರಿಂದಲ್ಲ, ಹುಡುಗನ ಸಾಮರ್ಥ್ಯದಿಂದ. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಉಪಾಧ್ಯಾಯರ ಕಣ್ಣು ಎಲ್ಲರ ಮೇಲೂ ಇರುತ್ತಿತ್ತು. ಈ ಕ್ರಮವನ್ನು ಕ್ಯಾಂಬೆಲ್ ಸಾಹೇಬರು ಮನಸಾರೆ ಹೊಗಳಿದ್ದಾರೆ.

ಆದರೆ ಅವರ ಹೊಗಳಿಕೆ ಅಲ್ಲಿಗೇ ನಿಲ್ಲುತ್ತದೆ. ಓದುವ ಪದ್ಯಗಳ ಭಾಷೆ ಬೇರೆ, ಮನೆಯ ಮಾತು ಬೇರೆ. ಹುಡುಗನು ಪದ್ಯಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದನು. ಅರ್ಥ ಮಾತ್ರ ಶೂನ್ಯ. ಅದು ಗಿಣಿಪಾಠವೇ ಸರಿ. ಅದಲ್ಲದೆ, ಆ ೬,೬೪೧ ಮಂದಿಯಲ್ಲಿ ಹೆಣ್ಣು ಮಕ್ಕಳು ಕೇವಲ ೬೦.

ನೂರನಲವತ್ತಮೂರು ವರ್ಷಗಳ ತರುವಾಯ ಇದೇ ಸಮಸ್ಯೆಯನ್ನು ಅಮೆರಿಕದ ವಿದ್ವಾಂಸರು ಯಂತ್ರದ ಮೂಲಕ ಬಿಡಿಸಲೆಳಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಿಚರ್ಡ್ ಅಟ್ಕಿನ್ಸನ್ನರು ೧೯೬೬ರಲ್ಲಿ ಕ್ಯಾಲಿಫೋರ್ನಿಯಾದ ಬ್ರೆಂಟ್‌ವುಡ್ ಶಾಲೆಯ ಒಂದನೆಯ ತರಗತಿಯ ಮಕ್ಕಳಿಗೆ ಗಣಕಯಂತ್ರದಿಂದ ಓದು ಕಲಿಸುವ ಪ್ರಯೋಗವನ್ನು ಆರಂಭಿಸಿದರು. ಮಗುವಿನ ಮುಂದೆ ಚಿತ್ರ ಮತ್ತು ಅಕ್ಷರಗಳ ಫಲಕ, ಕಿವಿಗೆ ಧ್ವನಿ, ಕೈಯಲ್ಲಿ ಬೆಳಕಿನ ಲೇಖನಿ. ಉತ್ತರ ಸರಿಯಾದರೆ ಪಾಠ ಮುಂದಕ್ಕೆ ಸಾಗುವುದು; ತಪ್ಪಿದರೆ ಯಂತ್ರವು ಬೇರೆ ಅಭ್ಯಾಸದ ಕಡೆಗೆ ತಿರುಗುವುದು. ವರ್ಷಾಂತ್ಯದಲ್ಲಿ ಮುಂದಿನ ಮಗುವಿಗೂ ಹಿಂದಿನ ಮಗುವಿಗೂ ಸಾವಿರಾರು ಅಭ್ಯಾಸಗಳ ಅಂತರವಿತ್ತು. ಹುಡುಗರೂ ಹುಡುಗಿಯರೂ ಹೆಚ್ಚುಕಡಮೆ ಸಮಗತಿಯಲ್ಲಿ ನಡೆದುದು ಗಮನಾರ್ಹ.

ಆದರೆ ವೆಚ್ಚ ವಿಪರೀತವಾಯಿತು. ಆದಕಾರಣ ಮುಂದಿನ ವ್ಯವಸ್ಥೆಯಲ್ಲಿ ಚಿತ್ರಫಲಕವನ್ನು ಬಿಟ್ಟು, ದೂರಮುದ್ರಕವನ್ನೂ ಧ್ವನಿಯನ್ನೂ ಮಾತ್ರ ಉಳಿಸಿಕೊಂಡರು. ಅಕ್ಷರವನ್ನು ಧ್ವನಿಗೆ ಹೊಂದಿಸುವ ಅಭ್ಯಾಸವು ಯಂತ್ರದ ಪಾಲಿಗೆ ಬಂದಿತು. ಅರ್ಥಗ್ರಹಣದ ಭಾರವು ಬಹುಮಟ್ಟಿಗೆ ತರಗತಿಯ ಉಪಾಧ್ಯಾಯರ ಮೇಲೆಯೇ ಉಳಿಯಿತು.

ಈ ಎರಡು ವೃತ್ತಾಂತಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಳ್ಳಾರಿಯಲ್ಲಿ ಉಪಾಧ್ಯಾಯರ ಕಣ್ಣು ಮಾಡಿದ ಕೆಲಸವನ್ನು ಬ್ರೆಂಟ್‌ವುಡ್ಡಿನಲ್ಲಿ ಯಂತ್ರದ ನೆನಪು ಮಾಡಿತು, ಇನ್ನೂ ಸೂಕ್ಷ್ಮವಾಗಿ ಮಾಡಿತು. ಮಗುವಿನ ಗತಿಯನ್ನು ಅರಿಯುವುದು ಎರಡಕ್ಕೂ ಸಾಧ್ಯವಾಯಿತು. ಆದರೆ ಗತಿಯೇ ಗ್ರಹಿಕೆಯಲ್ಲ. ಹೊಸ ಉಪಕರಣವೊಂದು ಶಾಲೆಗೆ ಬಂದಾಗ ಅದು ಎಷ್ಟು ಬೇಗ ಓದಿಸುತ್ತದೆ ಎಂದು ಕೇಳಿದರೆ ಸಾಲದು. ಓದಿದುದು ಮಗುವಿಗೆ ತಿಳಿಯಿತೆ, ಮತ್ತು ಯಾವ ಮಕ್ಕಳು ಇನ್ನೂ ಹೊರಗೆ ನಿಂತಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕು. ಇವನ್ನು ೧೮೨೩ರ ಆ ವರದಿಯೇ ನಮ್ಮ ಮುಂದೆ ಇಟ್ಟಿದೆ.