ಕರಾವಳಿಯ ತೋಟದ ಮನೆಯಲ್ಲಿ ಹೋಂಸ್ಟೇ: ಮೊದಲು ಬಾವಿಯ ಲೆಕ್ಕ

ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕಡಲಂಚಿನ ಹಳ್ಳಿಗಳಲ್ಲಿ ಹೆಂಚಿನ ಮನೆ, ಹಿಂದೆ ತೆಂಗು-ಅಡಿಕೆ ತೋಟ, ಮುಂದೆ ಬಯಲು ಗದ್ದೆ ಇರುವ ಕುಟುಂಬಗಳು ಅನೇಕ. ಮಕ್ಕಳು ಊರು ಬಿಟ್ಟ ಮೇಲೆ ಖಾಲಿ ಉಳಿದ ಎರಡು-ಮೂರು ಕೋಣೆಗಳನ್ನು ಪ್ರವಾಸಿಗರ ವಾಸ್ತವ್ಯಕ್ಕೆ ನೀಡುವುದು ಇಂತಹ ಕುಟುಂಬಗಳಿಗೆ ಒಂದು ಉಪ ಆದಾಯದ ಮಾರ್ಗ. ಸಲಹೆ ಕೇಳುವ ರೈತರು ಸಾಮಾನ್ಯವಾಗಿ ಸಾಲ, ಪೀಠೋಪಕರಣ, ಜಾಹೀರಾತುಗಳ ಕುರಿತು ವಿಚಾರಿಸುತ್ತಾರೆ. ಕೃಷಿಯ ದೃಷ್ಟಿಯಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮೇ ತಿಂಗಳ ಕೊನೆಯ ವಾರದಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ಅಡಿ ನೀರು ಉಳಿದಿರುತ್ತದೆ, ಅದರ ರುಚಿ ಹೇಗಿರುತ್ತದೆ?

ಅತಿಥಿಗಳ ನೀರು, ತೋಟದ ನೀರು

ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಬಾವಿಯ ನೀರು ತಳ ಕಾಣುವುದೂ, ತೋಟಕ್ಕೆ ನೀರು ಅತಿ ಅಗತ್ಯವಾಗುವುದೂ ಅದೇ ತಿಂಗಳುಗಳಲ್ಲಿ. ವಸತಿಗೃಹಗಳ ವಿನ್ಯಾಸದಲ್ಲಿ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರಿನ ಲೆಕ್ಕ ಹಿಡಿಯಲಾಗುತ್ತದೆ. ಆರು ಜನ ಅತಿಥಿಗಳಿದ್ದರೆ ದಿನಕ್ಕೆ 1080 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಶಿಫಾರಸು ಇದೆ. ಅಂದರೆ ಆರು ಅತಿಥಿಗಳು ಬಳಸುವ ನೀರು ಸುಮಾರು 55ರಿಂದ 65 ಅಡಿಕೆ ಮರಗಳ ಪಾಲಿನದು. ಕೋಣೆಯ ಬಾಡಿಗೆಯನ್ನು ನಿಗದಿಪಡಿಸುವಾಗ ಈ ಪಾಲನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಸಮುದ್ರಕ್ಕೆ ಸಮೀಪದ ಬಾವಿಗಳಲ್ಲಿ ನೀರಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. ತೀರದ ಮರಳು ಭೂಮಿಯಲ್ಲಿ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುವ ಪದರವಾಗಿ ನಿಂತಿರುತ್ತದೆ. ಸಮುದ್ರಮಟ್ಟದಿಂದ ಮೇಲಕ್ಕೆ 1 ಮೀಟರ್ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ ಎಂಬುದು ಭೂಜಲಶಾಸ್ತ್ರದ ಸರಳ ಸೂತ್ರ. ಈ ಸೂತ್ರದ ಇನ್ನೊಂದು ಮುಖವನ್ನು ಮರೆಯಬಾರದು: ಮೇಲಿನ ಮಟ್ಟ ಅರ್ಧ ಮೀಟರ್ ಕುಸಿದು ಹಾಗೆಯೇ ಮುಂದುವರಿದರೆ, ಉಪ್ಪುನೀರಿನ ಗಡಿ ಕಾಲಕ್ರಮೇಣ 20 ಮೀಟರ್‌ನಷ್ಟು ಮೇಲೇರಬಲ್ಲದು. ಒಮ್ಮೆ ಉಪ್ಪಾದ ಬಾವಿ ಮುಂದಿನ ಮಳೆಗೇ ಸಿಹಿಯಾಗುತ್ತದೆಂಬ ಭರವಸೆ ಇಲ್ಲ. ತೆಂಗು ಸ್ವಲ್ಪ ಉಪ್ಪನ್ನು ತಾಳಿಕೊಳ್ಳುತ್ತದೆ, ಅಡಿಕೆ ತಾಳುವುದಿಲ್ಲ.

ಆದ್ದರಿಂದ ಹೋಂಸ್ಟೇ ಆರಂಭಿಸುವ ಮುನ್ನ ಒಂದು ಬೇಸಿಗೆ ಪೂರ್ತಿ ಬಾವಿಯನ್ನು ಗಮನಿಸಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಪಂಪು ಚಾಲೂ ಮಾಡುವ ಮೊದಲು ನೀರಿನ ಮಟ್ಟ ಅಳೆದು ಬರೆದಿಡಿ. ಏಪ್ರಿಲ್ ಮತ್ತು ಮೇ ಕೊನೆಯಲ್ಲಿ ಎರಡೆರಡು ಮಾದರಿ ತೆಗೆಯಿರಿ: ಒಂದು ಪಂಪು ಹಾಕುವ ಮೊದಲು, ಇನ್ನೊಂದು ಪಂಪು ಓಡಿ ನಿಂತ ಕೂಡಲೇ. ಎರಡನೆಯ ಮಾದರಿಯ ವಿದ್ಯುತ್ ವಾಹಕತೆ ಗಣನೀಯವಾಗಿ ಹೆಚ್ಚಿದ್ದರೆ ಪಂಪು ಕೆಳಗಿನ ಉಪ್ಪುನೀರನ್ನು ಎಳೆಯುತ್ತಿದೆ ಎಂದೇ ತಿಳಿಯಬೇಕು. ನೀರಾವರಿಗೆ ಪ್ರತಿ ಮೀಟರಿಗೆ 0.7 ಡೆಸಿಸೀಮನ್ ಒಳಗಿನ ನೀರು ನಿರಾತಂಕ. 3 ದಾಟಿದ ನೀರು ಹೆಚ್ಚಿನ ಬೆಳೆಗಳಿಗೆ ಯೋಗ್ಯವಲ್ಲ. ಮಾದರಿ ಪರೀಕ್ಷೆಗಾಗಿ ಬ್ರಹ್ಮಾವರ, ಮಂಗಳೂರು ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಇಂತಹ ಸ್ಥಿತಿಯಲ್ಲಿ ಬಾವಿಯನ್ನು ಇನ್ನಷ್ಟು ಆಳ ಮಾಡುವುದು, ಪಕ್ಕದಲ್ಲಿ ಕೊಳವೆಬಾವಿ ಕೊರೆಸುವುದು ಎರಡೂ ಅಪಾಯಕರ. ಸಣ್ಣ ಪಂಪಿನಿಂದ ಬೆಳಿಗ್ಗೆ-ಸಂಜೆ ಸ್ವಲ್ಪ ಸ್ವಲ್ಪವಾಗಿ ನೀರೆತ್ತಿ ತೊಟ್ಟಿ ತುಂಬಿಸಿಕೊಳ್ಳುವುದು ಲೇಸು. 100 ಚದರ ಮೀಟರ್ ಹೆಂಚಿನ ಮಾಡಿನ ಮೇಲೆ 3000 ಮಿ.ಮೀ. ಮಳೆ ಬಿದ್ದರೆ, ಸೋರಿಕೆ ಕಳೆದೂ ಎರಡು ಲಕ್ಷ ಲೀಟರಿಗಿಂತ ಹೆಚ್ಚು ನೀರು ಸಿಗುತ್ತದೆ. ಆದರೆ ಮುರಕಲ್ಲಿನ ನೆಲದಲ್ಲಿ ಆಗಸ್ಟ್‌ನಲ್ಲಿ ಇಂಗಿದ ನೀರಿನ ಬಹುಪಾಲು ಏಪ್ರಿಲ್ ತನಕ ನಿಲ್ಲದೆ ಇಳಿಜಾರಿನತ್ತ ಹರಿದುಹೋಗುತ್ತದೆ. ಇಂಗುಗುಂಡಿಯೊಂದನ್ನೇ ನಂಬದೆ, ಮಳೆ ನಿಂತ ಮೇಲೆ ಊರವರು ಸೇರಿ ತೋಡಿಗೆ ಹಾಕುವ ಕಟ್ಟ ಮತ್ತು ಕಿಂಡಿ ಅಣೆಕಟ್ಟಿನ ಹಲಗೆ ಜೋಡಣೆಗೂ ಗಮನ ಕೊಡಿ. ಬೇಸಿಗೆಯ ಬಾವಿಗೆ ಹೆಚ್ಚಿನ ಬಲ ಬರುವುದು ಅದರಿಂದ.

ಶೌಚಗುಂಡಿ ಎಲ್ಲಿರಬೇಕು?

ಹೊಸ ಕೋಣೆಗೆ ಹೊಸ ಶೌಚಾಲಯ ಕಟ್ಟುವಾಗ, ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿರಬೇಕು. ಮುರಕಲ್ಲಿನ ರಂಧ್ರಗಳಲ್ಲಿ ಹಾಗೂ ಮರಳಿನಲ್ಲಿ ನೀರು ಬೇಗ ಸಾಗುವುದರಿಂದ ಸಾಧ್ಯವಿದ್ದಷ್ಟು ಇನ್ನೂ ದೂರವಿಡಿ. ನೆರೆಮನೆಯ ಬಾವಿಯನ್ನೂ ಅಳತೆಗೆ ಸೇರಿಸಿ. ಕುಡಿಯುವ ನೀರಿನ 100 ಮಿ.ಲೀ. ಮಾದರಿಯಲ್ಲಿ ಇ. ಕೋಲಿ ಸೂಕ್ಷ್ಮಾಣು ಒಂದೂ ಇರಕೂಡದು. ಮಳೆಗಾಲದ ಆರಂಭದಲ್ಲಿ ಈ ಪರೀಕ್ಷೆ ತಪ್ಪಿಸಬೇಡಿ. ಬಚ್ಚಲಿನ ನೀರನ್ನು ಬೇರೆಯಾಗಿ ಬಾಳೆ, ತೆಂಗಿನ ಬುಡಕ್ಕೆ ಹರಿಸಬಹುದು.

ಮನೆ ಹೇಗಿದೆಯೋ ಹಾಗೆ

ಅತಿಥಿ ಹುಡುಕಿಕೊಂಡು ಬರುವುದು ಹೆಂಚಿನ ಮಾಡು, ಜಗಲಿ, ಮಳೆಯ ಸದ್ದು, ಹಬೆಯಾಡುವ ಬಚ್ಚಲಮನೆಯ ಹಂಡೆ. ಇವನ್ನು ಕೆಡವಿ ತಾರಸಿಯ ಪೆಟ್ಟಿಗೆಯಂತಹ ಕೋಣೆ ಕಟ್ಟಿದವರಿಗೆ ಹವಾನಿಯಂತ್ರಕದ ಖರ್ಚೂ ಜೊತೆಗೆ ಬರುತ್ತದೆ. ಒಡೆದ ಹೆಂಚು ಬದಲಿಸಿ, ನಡುವೆ ಎರಡು ಗಾಜಿನ ಹೆಂಚು ಇರಿಸಿ, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿದರೆ ಬೆಚ್ಚನೆಯ ಕೋಣೆ ಸಿದ್ಧ. ಹೊಸ ಸ್ನಾನಗೃಹವನ್ನು ಮಣ್ಣಿನ ಗೋಡೆಗೆ ತಾಗಿಸದೆ ಕಟ್ಟಿ. ತೇವ ಏರಿದರೆ ಗೋಡೆಯೂ ಕೆಡುತ್ತದೆ, ಗೆದ್ದಲೂ ಬರುತ್ತದೆ.

ಭರತದ ಗರಿಷ್ಠ ರೇಖೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅನ್ವಯಿಸುತ್ತದೆ. ಅಳಿವೆ, ಹಿನ್ನೀರುಗಳ ದಂಡೆಗೂ ನಿರ್ಬಂಧವಿದೆ. ಇರುವ ಮನೆಯ ತಳಪಾಯದ ವಿಸ್ತೀರ್ಣ, ವಿನ್ಯಾಸ ಅಥವಾ ಮುಂಭಾಗ ಬದಲಿಸದೆ ಸ್ಥಳೀಯರು ಹೋಂಸ್ಟೇ ನಡೆಸಲು ಅದರಲ್ಲಿ ಅವಕಾಶವಿದೆ. ಕೆಲಸ ಆರಂಭಿಸುವ ಮುನ್ನ ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಪಂಚಾಯಿತಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯ ವಿವರ ದೊರೆಯುತ್ತದೆ.

ತೋಟದ ಕೆಲಸ ಮತ್ತು ಅತಿಥಿ

ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿನ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕಷ್ಟೆ. ಮಳೆ ಬಿಡುವು ಕೊಟ್ಟ ದಿನವೇ ಸಿಂಪಡಣೆ. ಅತಿಥಿಗಳಿದ್ದಾರೆಂದು ಮುಂದೂಡಿದರೆ ಗೊನೆ ಉಳಿಯದು. ಜೂನ್‌ನಿಂದ ಆಗಸ್ಟ್‌ವರೆಗೆ ಕೋಣೆ ಕಾಯ್ದಿರಿಸುವಾಗಲೇ ಈ ಷರತ್ತನ್ನು ತಿಳಿಸಿ, ಆ ದಿನ ಯಾರೂ ತೋಟಕ್ಕೆ ಇಳಿಯದಂತೆ ನೋಡಿಕೊಳ್ಳಿ. ಮೈಲುತುತ್ತನ್ನು ಬೀಗ ಹಾಕಿದ ಕೋಣೆಯಲ್ಲಿಡಿ. ಮಕ್ಕಳಿಗೆ ಅದರ ನೀಲಿ ಬಣ್ಣ ಆಕರ್ಷಕ. ನಡೆದಾಡುವ ದಾರಿಯ ಮೇಲಿನ ತೆಂಗಿನಕಾಯಿಯನ್ನು 45 ದಿನಕ್ಕೊಮ್ಮೆ ತಪ್ಪದೆ ಕೀಳಿಸಿ, ಒಣಮಡಲು ತೆಗೆಸಿ. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದವರನ್ನು ಗದ್ದೆಯ ಕೆಸರಿಗೆ ಇಳಿಸಬಾರದು. ಇಲಿಜ್ವರ ಹರಡುವ ಬಗೆ ಅದು. ಜೂನ್-ಸೆಪ್ಟೆಂಬರ್ ನಡುವೆ ಸಮುದ್ರಸ್ನಾನಕ್ಕೂ ಕಳುಹಿಸಬೇಡಿ.

ಊಟದಲ್ಲಿ ನಿಮ್ಮ ಊರಿನ ಬೆಳೆಗೆ ಮೊದಲ ಸ್ಥಾನವಿರಲಿ. ಉಡುಪಿಯ ಮಟ್ಟುಗುಳ್ಳದ ಹುಳಿ, ಅಂಕೋಲಾದ ಕರಿ ಈಶಾಡು ಮಾವಿನ ರಸ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಗಂಜಿ ಪೇಟೆಯ ಹೋಟೆಲಿನಲ್ಲಿ ಸಿಗುವಂಥವಲ್ಲ. ಇವನ್ನು ಬೆಳೆಯುವ ನೆರೆಯ ರೈತರಿಂದ ನೇರವಾಗಿ, ಪೇಟೆಯ ದರಕ್ಕಿಂತ ಸ್ವಲ್ಪ ಮೇಲೆಯೇ ಕೊಳ್ಳಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ: ಹೋಂಸ್ಟೇ ಯೋಜನೆಯ ಅರ್ಜಿಯೊಂದಿಗೆ ಬಾವಿಯ ಒಂದು ಬೇಸಿಗೆಯ ಮಟ್ಟ ಮತ್ತು ವಾಹಕತೆಯ ದಾಖಲೆಯನ್ನು ಕೇಳಿ ಪಡೆಯಿರಿ. ಮೇ ಕೊನೆಯ ಮಾದರಿ ಉಪ್ಪಾಗಿದ್ದರೆ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಅತಿಥಿಗಳನ್ನು ಸ್ವೀಕರಿಸುವಂತೆ ಸಲಹೆ ನೀಡುವುದು ಸೂಕ್ತ.